ಚಳಿ ನೋಡಿ ಹಾಕಿದ ಇಂಧನದ ಲೆಕ್ಕ ತಪ್ಪಿದರೆ ಎಲ್ಲೆಲ್ಲಿ ನೋಡಬೇಕು

ಹೊರಗೆ ಎಷ್ಟು ಚಳಿ ಇದೆ ಅಂತ ಗೊತ್ತಿದ್ದರೆ, ಮನೆ ಬೆಚ್ಚಗಿಡಲು ಎಷ್ಟು ಇಂಧನ ಬೇಕು ಅಂತ ಮುಂಚೆಯೇ ಹೇಳಬಹುದು. ಗ್ಯಾಸ್ ಇರಲಿ, ಹೀಟಿಂಗ್ ಎಣ್ಣೆ ಇರಲಿ, ಕರೆಂಟ್ ಇರಲಿ, ಲೆಕ್ಕದ ದಾರಿ ಒಂದೇ. ಸರಿಯಾಗಿ ಹಾಕಿದ ಲೆಕ್ಕ ತಿಂಗಳಿಂದ ತಿಂಗಳಿಗೆ ಸ್ವಲ್ಪ ಆಚೀಚೆ ಆಗುವುದು ಸಹಜ. ಆದರೆ ಬಿಲ್ಲಿಗೂ ಲೆಕ್ಕಕ್ಕೂ ದೊಡ್ಡ ಅಂತರ ಬಂದರೆ ಎಲ್ಲೋ ಏನೋ ಕೆಟ್ಟಿದೆ. ಕೆಟ್ಟಿರುವುದು ಲೆಕ್ಕ ಇರಬಹುದು, ಮೀಟರ್ ಇರಬಹುದು, ಮನೆಯ ಗೋಡೆ-ಕಿಟಕಿ ಇರಬಹುದು, ಬಾಯ್ಲರ್ (ಇಂಧನ ಉರಿಸಿ ಮನೆ ಬೆಚ್ಚಗಿಡಲು ನೀರು ಕಾಯಿಸುವ ಯಂತ್ರ) ಇರಬಹುದು. ತಪ್ಪು ಯಾವ ತಿಂಗಳಲ್ಲಿ ಬರುತ್ತದೆ, ಎಷ್ಟೆಷ್ಟು ಬರುತ್ತದೆ ಅಂತ ನೋಡಿದರೆ ಈ ನಾಲ್ಕರಲ್ಲಿ ಯಾವುದು ಅನ್ನುವುದು ಬಹುಪಾಲು ಮನೆಯಲ್ಲೇ ಕೂತು ತಿಳಿಯುತ್ತದೆ. ಇದೇ ಕಾರಣಕ್ಕೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಒಂದು ಗ್ರಾಫ್ ಹಾಕಿ ಅಂತ ನಾನು ಹೇಳುವುದು.

ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗ್ರಾಫ್ ಬದಿಗಿಟ್ಟು ತಕ್ಷಣ ಹೊರಬರಬೇಕಾದ ಲಕ್ಷಣಗಳು

ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ, ಬೆಂಕಿ ಹಚ್ಚಬೇಡಿ. ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆಯೇ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ.

ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತಿದೆಯಾ? ಹೊರಗೆ ಹೋದರೆ ಕಡಿಮೆಯಾಗುತ್ತದೆಯಾ? ಹಾಗಿದ್ದರೆ ಅದು ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಅದನ್ನು ಪತ್ತೆ ಮಾಡುವ ಅಲಾರಂ ಕೂಗಿದರೂ ಇದೇ ಅರ್ಥ. ಹೊರಗೆ ಬಂದು ಸಹಾಯಕ್ಕೆ ಫೋನ್ ಮಾಡಿ, ಪರೀಕ್ಷೆ ಆಗುವವರೆಗೆ ಒಳಗೆ ಹೋಗಬೇಡಿ. ಗ್ಯಾಸ್ ಬಾಯ್ಲರಿನ ಜ್ವಾಲೆ ನೀಲಿ ಇರುವ ಬದಲು ಹಳದಿಯಾಗಿ ಸೋಮಾರಿಯಾಗಿ ಆಡುತ್ತಿದ್ದರೆ, ಸುತ್ತ ಮಸಿ ಹಿಡಿದಿದ್ದರೆ, ಆಗಲೂ ಆರಿಸಿ ತಜ್ಞರನ್ನು ಕರೆಸಿ. ಇಂಥ ಬಾಯ್ಲರ್ ಇಂಧನ ಜಾಸ್ತಿ ತಿನ್ನುವುದೂ ನಿಜ. ಆದರೆ ಇಲ್ಲಿ ಉಳಿಸಬೇಕಾದದ್ದು ಇಂಧನ ಅಲ್ಲ.

ಲೆಕ್ಕ ಸರಿ ಇದ್ದಾಗ ಗ್ರಾಫ್ ಹೇಗೆ ಕಾಣುತ್ತದೆ

ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆ ಕೂಡಿಸಿ ಎರಡರಿಂದ ಭಾಗಿಸಿ. ಅದು ಆ ದಿನದ ಸರಾಸರಿ. ಹೊರಗೆ ಎಷ್ಟು ಡಿಗ್ರಿಗಿಂತ ಕೆಳಗಿಳಿದರೆ ಹೀಟಿಂಗ್ ಬೇಕಾಗುತ್ತದೋ ಅದನ್ನು ಮೂಲ ಉಷ್ಣತೆ ಅಂತ ಇಟ್ಟುಕೊಂಡು ಅದರಿಂದ ಈ ಸರಾಸರಿಯನ್ನು ಕಳೆಯಿರಿ. ಮೂಲ 16, ಸರಾಸರಿ 6 ಅಂದರೆ ಆ ದಿನಕ್ಕೆ 10 ಡಿಗ್ರಿ-ದಿನ. ಸರಾಸರಿ ಮೂಲಕ್ಕಿಂತ ಮೇಲಿದ್ದರೆ ಸೊನ್ನೆ. ತಿಂಗಳಿನ ಎಲ್ಲ ದಿನಗಳನ್ನು ಕೂಡಿಸಿದರೆ ಆ ತಿಂಗಳ ಚಳಿಯ ಮೊತ್ತ ಸಿಗುತ್ತದೆ.

ಮನೆಯೊಳಗೆ 20 ಡಿಗ್ರಿ ಬೇಕಿದ್ದರೂ ಮೂಲ ಉಷ್ಣತೆ ಯಾಕೆ 20 ಅಲ್ಲ, 16? ಯಾಕೆಂದರೆ ಮನೆಯನ್ನು ಬೆಚ್ಚಗಿಡುವುದು ಬಾಯ್ಲರ್ ಒಂದೇ ಅಲ್ಲ. ಸುಮ್ನೆ ಕೂತ ಮನುಷ್ಯನ ಮೈಯಿಂದಲೇ ಸುಮಾರು 100 ವಾಟ್ ಶಾಖ ಬರುತ್ತದೆ. ಒಲೆ, ಫ್ರಿಜ್, ದೀಪ, ಕಿಟಕಿಯಿಂದ ಬರುವ ಬಿಸಿಲು ಎಲ್ಲ ಸೇರಿ ಕೊನೆಯ ಕೆಲವು ಡಿಗ್ರಿಗಳನ್ನು ಪುಕ್ಕಟೆ ಕೊಡುತ್ತವೆ.

ಈಗ ಅಡ್ಡಕ್ಕೆ ಡಿಗ್ರಿ-ದಿನ, ಉದ್ದಕ್ಕೆ ಇಂಧನ ಇಟ್ಟು ಪ್ರತಿ ತಿಂಗಳಿಗೆ ಒಂದು ಚುಕ್ಕಿ ಹಾಕಿ. ಗ್ಯಾಸ್ ಬಾಯ್ಲರ್ ಇರುವ ಒಂದು ಮನೆ ಅಂದುಕೊಳ್ಳಿ. ಜುಲೈನಲ್ಲಿ 0 ಡಿಗ್ರಿ-ದಿನ, 28 ಘನ ಮೀಟರ್ ಗ್ಯಾಸ್. ಅಕ್ಟೋಬರ್‌ನಲ್ಲಿ 150, ಗ್ಯಾಸ್ 111. ಡಿಸೆಂಬರ್‌ನಲ್ಲಿ 380, ಗ್ಯಾಸ್ 239. ಜನವರಿಯಲ್ಲಿ 450, ಗ್ಯಾಸ್ 278. ಈ ನಾಲ್ಕು ಚುಕ್ಕಿಗಳ ಮೇಲೆ ಸ್ಕೇಲ್ ಇಟ್ಟರೆ ಒಂದೇ ಗೆರೆ. ಗೆರೆ ಶುರುವಾಗುವ ಜಾಗ 28. ಇದು ಸ್ನಾನದ ನೀರು, ಅಡುಗೆ ಇತ್ಯಾದಿ, ಅಂದರೆ ಚಳಿಗೆ ಸಂಬಂಧವಿಲ್ಲದ ತಳದ ಬಳಕೆ. ಅಲ್ಲಿಂದ ಒಂದೊಂದು ಡಿಗ್ರಿ-ದಿನಕ್ಕೆ ಸುಮಾರು 0.56 ಘನ ಮೀಟರ್ ಏರುತ್ತದೆ. ಈ ಏರು ಮನೆಯಿಂದ ಶಾಖ ಎಷ್ಟು ಸೋರುತ್ತದೆ, ಬಾಯ್ಲರ್ ಎಷ್ಟು ಚೆನ್ನಾಗಿ ಉರಿಯುತ್ತದೆ ಅನ್ನುವ ಎರಡನ್ನೂ ಒಟ್ಟಿಗೆ ಹೇಳುತ್ತದೆ.

ಎಣ್ಣೆ ತಂದು ಹಾಕುವ ಡೀಲರುಗಳು ಇದೇ ಲೆಕ್ಕವನ್ನು ತಿರುಗಿಸಿ, ಒಂದು ಗ್ಯಾಲನ್ನಿಗೆ ಎಷ್ಟು ಡಿಗ್ರಿ-ದಿನ ಸಾಗುತ್ತದೆ ಅಂತ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಕೆ-ಫ್ಯಾಕ್ಟರ್ ಅನ್ನುತ್ತಾರೆ. ನಿಮ್ಮ ಟ್ಯಾಂಕ್ ಖಾಲಿಯಾಗುವ ಮುಂಚೆ ಲಾರಿ ಬರುವುದು ಇದರ ಬಲದಿಂದಲೇ.

ಲಕ್ಷಣ: ಒಂದು ತಿಂಗಳು ಜಾಸ್ತಿ, ಮರುತಿಂಗಳು ಅಷ್ಟೇ ಕಡಿಮೆ

ಇದು ಬಾಯ್ಲರಿನ ತೊಂದರೆ ಅಲ್ಲವೇ ಅಲ್ಲ. ಯಂತ್ರ ಕೆಟ್ಟರೆ ಮರುತಿಂಗಳು ತಾನಾಗೇ ರಿಪೇರಿ ಆಗುವುದಿಲ್ಲ, ಅಲ್ವಾ?

ಬಿಲ್ಲಿನಲ್ಲಿ ರೀಡಿಂಗ್ ಪಕ್ಕ ‘ಅಂದಾಜು’ ಅಂತ ಇದೆಯಾ ನೋಡಿ. ಮೀಟರ್ ನೋಡದೇ ಅಂದಾಜಿನ ಮೇಲೆ ಬಿಲ್ ಹಾಕಿದರೆ, ಮುಂದಿನ ನಿಜವಾದ ರೀಡಿಂಗಿನಲ್ಲಿ ಅದು ಸರಿಹೋಗುತ್ತದೆ. ಗ್ರಾಫಿನಲ್ಲಿ ಒಂದು ಚುಕ್ಕಿ ಮೇಲೆ, ಪಕ್ಕದ್ದು ಕೆಳಗೆ. ಎರಡೂ ತಿಂಗಳ ಡಿಗ್ರಿ-ದಿನ ಮತ್ತು ಇಂಧನವನ್ನು ಕೂಡಿಸಿ, ಎರಡರಿಂದ ಭಾಗಿಸಿ ಒಂದೇ ಚುಕ್ಕಿ ಮಾಡಿ, ಗೆರೆಯ ಮೇಲೆ ಬಂದು ಕೂರುತ್ತದೆ.

ತಾರೀಖೂ ನೋಡಿ. ಬಿಲ್ 12ರಿಂದ 11ರವರೆಗೆ ಇದ್ದು, ಡಿಗ್ರಿ-ದಿನ 1ರಿಂದ 31ರವರೆಗೆ ಕೂಡಿಸಿದರೆ ಹೊಂದುವುದು ಹೇಗೆ? ಇಂಧನ ಯಾವ ದಿನದಿಂದ ಯಾವ ದಿನದವರೆಗೋ ಡಿಗ್ರಿ-ದಿನವೂ ಅಷ್ಟೇ ದಿನಗಳದ್ದಾಗಬೇಕು. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ನೀವೇ ಮೀಟರ್ ಓದಿ ಬರೆದಿಟ್ಟರೆ ಈ ರಗಳೆಯೇ ಇಲ್ಲ.

ಎಣ್ಣೆ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆಯುವವರಿಗೆ ಇನ್ನೊಂದು ಮಾತು. ಮಲಗಿಸಿದ ಉರುಳೆಯಾಕಾರದ ಟ್ಯಾಂಕಿನಲ್ಲಿ ಅರ್ಧ ಎತ್ತರ ಅಂದರೆ ಅರ್ಧ ಎಣ್ಣೆ, ಸರಿ. ಆದರೆ ಕಾಲು ಎತ್ತರ ಅಂದರೆ ಕಾಲು ಭಾಗ ಎಣ್ಣೆ ಅಲ್ಲ, ನೂರಕ್ಕೆ ಸುಮಾರು 20 ಮಾತ್ರ. ಕಡ್ಡಿಯ ಸೆಂಟಿಮೀಟರನ್ನು ನೇರವಾಗಿ ಲೀಟರ್ ಮಾಡಿದರೆ, ಟ್ಯಾಂಕ್ ನಡುಮಟ್ಟದಲ್ಲಿದ್ದಾಗ ಖರ್ಚು ಕಡಿಮೆ ಕಾಣುತ್ತದೆ, ತಳದ ಹತ್ತಿರ ಜಾಸ್ತಿ ಕಾಣುತ್ತದೆ. ಟ್ಯಾಂಕ್ ಜೊತೆ ಬರುವ ಅಳತೆ ಪಟ್ಟಿ ಬಳಸಿ.

ಲಕ್ಷಣ: ಮೊದಲಿನಿಂದಲೂ ಒಂದೇ ಪಟ್ಟಿನಲ್ಲಿ ತಪ್ಪು

ಎಲ್ಲ ತಿಂಗಳೂ ಲೆಕ್ಕಕ್ಕೂ ಬಿಲ್ಲಿಗೂ ಒಂದೇ ಪಟ್ಟಿನ ವ್ಯತ್ಯಾಸ ಇದ್ದರೆ ಅದು ಅಳತೆಯ ಗೊಂದಲ. ಸುಮಾರು 1.8 ಪಟ್ಟು ಅಂದರೆ ಫ್ಯಾರನ್‌ಹೀಟ್ ಡಿಗ್ರಿ-ದಿನ ಸೆಲ್ಸಿಯಸ್ ಲೆಕ್ಕದೊಳಗೆ ಸೇರಿಕೊಂಡಿದೆ. ಫ್ಯಾರನ್‌ಹೀಟ್ ಡಿಗ್ರಿ-ದಿನವನ್ನು 1.8ರಿಂದ ಭಾಗಿಸಿದರೆ ಸಾಕು. ಇಲ್ಲಿ 32 ಕಳೆಯುವ ಕೆಲಸ ಇಲ್ಲ, ಯಾಕೆಂದರೆ ಇದು ಎರಡು ಉಷ್ಣತೆಗಳ ನಡುವಿನ ಅಂತರ.

ಇಂಧನ ಬದಲಾಯಿಸಿದವರು ಶಾಖದ ಲೆಕ್ಕವನ್ನೂ ನೋಡಿಕೊಳ್ಳಿ. ಒಂದು ಲೀಟರ್ ಹೀಟಿಂಗ್ ಎಣ್ಣೆಯಲ್ಲಿ ಸುಮಾರು 10 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಕಿಲೋವಾಟ್-ಅವರ್) ಶಾಖ. ಒಂದು ಲೀಟರ್ ದ್ರವ ಪ್ರೊಪೇನಿನಲ್ಲಿ ಸುಮಾರು 7. ಒಂದು ಘನ ಮೀಟರ್ ನೈಸರ್ಗಿಕ ಅನಿಲದಲ್ಲಿ 10ರಿಂದ 11. ಬಿಲ್ ಥರ್ಮ್ ಲೆಕ್ಕದಲ್ಲಿದ್ದರೆ ಒಂದು ಥರ್ಮ್ ಅಂದರೆ 29.3 ಯೂನಿಟ್. ಸೌದೆಯಲ್ಲಿ ತೇವವೇ ಎಲ್ಲ: ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಸುಮಾರು 4 ಯೂನಿಟ್ ಕೊಟ್ಟರೆ, ಅರ್ಧಕ್ಕರ್ಧ ನೀರಿರುವ ಹಸಿ ಸೌದೆ 2ರ ಹತ್ತಿರ ನಿಲ್ಲುತ್ತದೆ. ಹಸಿ ಸೌದೆ ಚಿಮಣಿಯಲ್ಲಿ ಅಂಟಂಟು ಕರಿಯನ್ನೂ ಕಟ್ಟಿಸುತ್ತದೆ, ಅದಕ್ಕೆ ಬೆಂಕಿ ಹತ್ತುವ ಅಪಾಯ ಇದೆ.

ಲಕ್ಷಣ: ನಡುಚಳಿಯಲ್ಲಿ ಸರಿ, ಚಳಿ ಶುರುವಾಗುವಾಗ ಮುಗಿಯುವಾಗ ತಪ್ಪು

ಎರಡು ಕಾರಣ. ಮೊದಲನೆಯದು, ದಿನದ ಲೆಕ್ಕ ಬಿಟ್ಟು ತಿಂಗಳ ಸರಾಸರಿ ಉಷ್ಣತೆ ಬಳಸಿರುವುದು. ಮೂಲ 16 ಇರಲಿ. ಒಂದು ತಿಂಗಳಲ್ಲಿ 15 ದಿನ 20 ಡಿಗ್ರಿ, 15 ದಿನ 10 ಡಿಗ್ರಿ. ತಿಂಗಳ ಸರಾಸರಿ 15, ಅಂದರೆ 30 ದಿನಕ್ಕೆ 30 ಡಿಗ್ರಿ-ದಿನ. ಆದರೆ ನಿಜವಾಗಿ ಆ ಚಳಿಯ 15 ದಿನ ದಿನಕ್ಕೆ 6ರಂತೆ 90 ಡಿಗ್ರಿ-ದಿನ ಆಗಿದೆ. ಮೂರು ಪಟ್ಟು! ಬೆಚ್ಚಗಿನ ದಿನ ಚಳಿ ದಿನದ ಗ್ಯಾಸ್ ವಾಪಸ್ ಕೊಡುವುದಿಲ್ಲ. ನಡುಚಳಿಯಲ್ಲಿ ಎಲ್ಲ ದಿನವೂ ಮೂಲಕ್ಕಿಂತ ಕೆಳಗೇ ಇರುವುದರಿಂದ ಈ ತಪ್ಪು ಕಾಣಿಸುವುದೇ ಇಲ್ಲ.

ಎರಡನೆಯದು, ಮೂಲ ಉಷ್ಣತೆ ನಿಮ್ಮ ಮನೆಗೆ ಹೊಂದದೇ ಇರುವುದು. ಅಮೆರಿಕದಲ್ಲಿ ರೂಢಿಯಲ್ಲಿರುವುದು 65 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 18.3 ಸೆಲ್ಸಿಯಸ್. ಬ್ರಿಟನ್ನಿನಲ್ಲಿ 15.5. ಇವೆಲ್ಲ ರೂಢಿಯ ಅಂಕಿ. ಗೋಡೆ-ಛಾವಣಿಗೆ ಚೆನ್ನಾಗಿ ಹೊದಿಕೆ ಹಾಕಿದ ಮನೆಯಲ್ಲಿ ಹೊರಗೆ 12 ಡಿಗ್ರಿಗೆ ಇಳಿದರೂ ಹೀಟಿಂಗ್ ಬೇಕಾಗದೇ ಇರಬಹುದು. 1980ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಫೆಲ್ಸ್ ಮತ್ತು ಸಂಗಡಿಗರು ರೂಪಿಸಿದ ‘ಪ್ರಿಸಂ’ ವಿಧಾನದಲ್ಲಿ ಮೂಲ ಉಷ್ಣತೆಯನ್ನು ಮೊದಲೇ ಕಟ್ಟಿಹಾಕುವುದಿಲ್ಲ. ಮನೆಯ ಬಿಲ್ಲುಗಳಿಂದಲೇ ಅದನ್ನು ಹುಡುಕುತ್ತಾರೆ. ನೀವೂ ಅದನ್ನೇ ಮಾಡಿ. 12ರಿಂದ 19ರವರೆಗೆ ಒಂದೊಂದೇ ಮೂಲ ಇಟ್ಟು ಗ್ರಾಫ್ ಹಾಕಿ. ಚುಕ್ಕಿಗಳು ಯಾವುದರಲ್ಲಿ ಗೆರೆಗೆ ಹೆಚ್ಚು ಹತ್ತಿರ ಕೂರುತ್ತವೋ ಅದೇ ನಿಮ್ಮ ಮನೆಯ ಮೂಲ. ಸ್ಪ್ರೆಡ್‌ಶೀಟ್ ಇದ್ದರೆ ಅರ್ಧ ಗಂಟೆಯ ಕೆಲಸ.

ಹವಾಮಾನ ಕೇಂದ್ರ ದೂರದ ವಿಮಾನ ನಿಲ್ದಾಣದಲ್ಲಿದ್ದು ನಿಮ್ಮ ಮನೆ ಅದಕ್ಕಿಂತ 200 ಮೀಟರ್ ಎತ್ತರದಲ್ಲಿದ್ದರೆ, ನಿಮ್ಮಲ್ಲಿ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಚಳಿ ಇರುತ್ತದೆ. ಆ ವ್ಯತ್ಯಾಸವನ್ನೂ ಈ ಹುಡುಕಾಟ ತಾನೇ ನುಂಗಿಕೊಳ್ಳುತ್ತದೆ.

ಲಕ್ಷಣ: ಬೇಸಿಗೆಯಲ್ಲೂ ಖರ್ಚು ಏರಿದೆ, ಚಳಿಗಾಲದಲ್ಲೂ ಅಷ್ಟೇ ಏರಿದೆ

ಇಡೀ ಗೆರೆ ಮೇಲೆ ಸರಿದಿದೆ, ಏರು ಮಾತ್ರ ಹಾಗೇ ಇದೆ. ಅಂದರೆ ತೊಂದರೆ ತಳದ ಬಳಕೆಯಲ್ಲಿ. ಮನೆಗೆ ಜನ ಹೆಚ್ಚಾಗಿದ್ದಾರಾ, ಬಿಸಿನೀರಿನ ನಲ್ಲಿ ತೊಟ್ಟಿಕ್ಕುತ್ತಿದೆಯಾ, ಬಿಸಿನೀರಿನ ಟೈಮರ್ ಯಾರಾದರೂ ಸದಾ ಆನ್ ಮಾಡಿದ್ದಾರಾ, ಮೊದಲು ಅದನ್ನು ನೋಡಿ. ಉಳಿತಾಯಕ್ಕೆ ಅಂತ ನೀರಿನ ಟ್ಯಾಂಕಿನ ಉಷ್ಣತೆ 60 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಇವೆಲ್ಲ ಸರಿ ಇದ್ದರೆ ಸೋರಿಕೆಯ ಪರೀಕ್ಷೆ. ಗ್ಯಾಸಿನ ಎಲ್ಲ ಉಪಕರಣ ಆಫ್ ಮಾಡಿ, ಮೀಟರಿನ ಕೊನೆಯ ಅಂಕಿಯವರೆಗೂ ಬರೆದುಕೊಳ್ಳಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಓಡಿದ್ದರೆ ಪೈಲಟ್ ಜ್ವಾಲೆ (ಉಪಕರಣದೊಳಗೆ ಸದಾ ಉರಿಯುವ ಪುಟ್ಟ ಜ್ವಾಲೆ) ಏನಾದರೂ ಉರಿಯುತ್ತಿದೆಯಾ ನೋಡಿ. ಅದೂ ಇಲ್ಲದಿದ್ದರೆ ಸೋರಿಕೆ ಅಂತಲೇ ತಿಳಿದು ಗ್ಯಾಸ್ ಕಂಪನಿಗೆ ಹೇಳಿ. ಬೆಂಕಿಕಡ್ಡಿ ಹಿಡಿದು ಹುಡುಕುವುದು, ಸ್ಪ್ಯಾನರ್ ಹಾಕಿ ಪೈಪ್ ಬಿಗಿ ಮಾಡುವುದು ಬೇಡವೇ ಬೇಡ. ಎಣ್ಣೆ ಇರುವವರು ಬರ್ನರ್ ಆಫ್ ಇರುವಾಗ ಮಟ್ಟ ಗುರುತು ಮಾಡಿ ಒಂದು ರಾತ್ರಿ ಬಿಟ್ಟು ನೋಡಿ. ಮಟ್ಟ ಇಳಿದಿದ್ದರೆ, ಅಥವಾ ಟ್ಯಾಂಕಿನ ಸುತ್ತ ಹುಲ್ಲು ಸತ್ತು ಮಣ್ಣು ಎಣ್ಣೆ ವಾಸನೆ ಬರುತ್ತಿದ್ದರೆ ಕಾಯಬೇಡಿ. ಹತ್ತಿರದಲ್ಲಿ ಬಾವಿಯಿದ್ದರೆ ಅದರ ನೀರೂ ಹಾಳಾಗುತ್ತದೆ.

ಲಕ್ಷಣ: ಚಳಿಗಾಲದ ಎಲ್ಲ ತಿಂಗಳೂ ಜಾಸ್ತಿ

ಜನಕ್ಕೆ ಹೆಚ್ಚು ಗೊಂದಲ ಆಗುವುದು ಇಲ್ಲೇ. ಹಣ ಸುಮ್ನೆ ಪೋಲಾಗುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಕೇಳಬೇಕಾದ ಪ್ರಶ್ನೆ: ಪ್ರತಿ ತಿಂಗಳೂ ಒಂದೇ ಮೊತ್ತ ಜಾಸ್ತಿಯಾ, ಅಥವಾ ಚಳಿ ಹೆಚ್ಚಾದಂತೆ ಹೆಚ್ಚಾಗುತ್ತಿದೆಯಾ?

ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ನವೆಂಬರ್‌ನಲ್ಲಿ 180 ಡಿಗ್ರಿ-ದಿನ, ಗ್ಯಾಸ್ 128 ಆಗಬೇಕು. ಜನವರಿಯಲ್ಲಿ 450ಕ್ಕೆ 278. ಈಗ ನವೆಂಬರ್‌ನಲ್ಲಿ 33 ಜಾಸ್ತಿ, ಜನವರಿಯಲ್ಲಿ 34 ಜಾಸ್ತಿ ಬಂದಿದೆ, ಬೇಸಿಗೆಯಲ್ಲಿ ಏನೂ ಬದಲಾಗಿಲ್ಲ ಅಂದುಕೊಳ್ಳಿ. ಇದು ಥರ್ಮೋಸ್ಟಾಟ್. ಯಾರೋ ಎರಡು ಡಿಗ್ರಿ ಏರಿಸಿದ್ದಾರೆ. ಹೇಗೆ ಗೊತ್ತಾಯಿತು? ಒಳಗಿನ ಉಷ್ಣತೆ ಒಂದು ಡಿಗ್ರಿ ಏರಿಸಿದರೆ ಮೂಲವೂ ಒಂದು ಡಿಗ್ರಿ ಏರುತ್ತದೆ. ಹೀಟಿಂಗ್ ಓಡುವ ಪ್ರತಿ ದಿನಕ್ಕೂ ಒಂದು ಡಿಗ್ರಿ-ದಿನ ಸೇರುತ್ತದೆ. ತಿಂಗಳಿಗೆ 30, ಎರಡು ಡಿಗ್ರಿಗೆ 60. ಅದನ್ನು 0.56ರಿಂದ ಗುಣಿಸಿದರೆ 33-34. ಹೊರಗೆ ಎಷ್ಟೇ ಚಳಿ ಇರಲಿ ಈ ಮೊತ್ತ ಬದಲಾಗುವುದಿಲ್ಲ. ಯಾರೂ ಮುಟ್ಟಿಲ್ಲ ಅಂದರೆ ಥರ್ಮೋಸ್ಟಾಟಿನ ಪಕ್ಕ ಒಂದು ಸಾದಾ ಥರ್ಮಾಮೀಟರ್ ಇಟ್ಟು ಹೋಲಿಸಿ. ಬ್ಯಾಟರಿ ನೋಡಿ. ಅದರ ಹಿಂದಿನ ಗೋಡೆಯ ತೂತಿನಿಂದ ತಣ್ಣನೆ ಗಾಳಿ ಬರುತ್ತಿದ್ದರೂ ಅದು ಮನೆ ತಣ್ಣಗಿದೆ ಅಂತಲೇ ತಿಳಿದು ಬಾಯ್ಲರ್ ಓಡಿಸುತ್ತದೆ.

ಅದರ ಬದಲು ನವೆಂಬರ್‌ನಲ್ಲಿ 20, ಜನವರಿಯಲ್ಲಿ 50 ಜಾಸ್ತಿ ಬಂದರೆ? ಗೆರೆಯ ಏರೇ ನೂರಕ್ಕೆ 20ರಷ್ಟು ಕಡಿದಾಗಿದೆ. ಈಗ ಥರ್ಮೋಸ್ಟಾಟ್ ಬಿಡಿ. ತಪ್ಪು ಮನೆಯದ್ದು ಅಥವಾ ಬಾಯ್ಲರಿನದ್ದು.

ಇವೆರಡರಲ್ಲಿ ಯಾವುದು ಅನ್ನುವುದಕ್ಕೆ ಬೇಸಿಗೆಯ ಚುಕ್ಕಿ ಸಾಕ್ಷಿ ಹೇಳುತ್ತದೆ. ಸ್ನಾನದ ನೀರನ್ನೂ ಅದೇ ಬಾಯ್ಲರ್ ಕಾಯಿಸುತ್ತಿದ್ದರೆ, ಬಾಯ್ಲರ್ ಕೆಟ್ಟಾಗ ಬೇಸಿಗೆಯ 28 ಕೂಡ 33-34ಕ್ಕೆ ಏರಿರುತ್ತದೆ. ಮನೆ ಸೋರುತ್ತಿದ್ದರೆ ಬೇಸಿಗೆಯ ಅಂಕಿ ಅಲ್ಲಾಡುವುದಿಲ್ಲ.

ಬೇಸಿಗೆಯ ಅಂಕಿ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ. ಗಾಳಿಯಿಲ್ಲದ ಒಂದು ರಾತ್ರಿ ಹೀಟಿಂಗ್ ಆಫ್ ಮಾಡಿ, ಮನೆ 20ರಿಂದ 17ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಅಂತ ಬರೆದಿಡಿ, ಹೊರಗಿನ ಉಷ್ಣತೆ ಸಮೇತ. ಹಿಂದೆ ಅಂಥದೇ ರಾತ್ರಿಯಲ್ಲಿ ಬರೆದಿಟ್ಟದ್ದಕ್ಕಿಂತ ಬೇಗ ಇಳಿದರೆ ಸೋರುತ್ತಿರುವುದು ಮನೆ. ಅಷ್ಟೇ ಹೊತ್ತು ಹಿಡಿದರೆ ಮನೆ ಸರಿಯಾಗಿದೆ, ಬಾಯ್ಲರ್ ಕಡೆ ತಿರುಗಿ. ಹೆಪ್ಪುಗಟ್ಟುವ ಚಳಿಯಲ್ಲಿ, ಪುಟ್ಟ ಮಕ್ಕಳು ವಯಸ್ಸಾದವರು ಇರುವ ಮನೆಯಲ್ಲಿ ಇದು ಬೇಡ. ಈ ಪರೀಕ್ಷೆಗಾಗಿಯೇ ಎಲ್ಲ ಸರಿ ಇರುವ ಕಾಲದಲ್ಲಿ ಒಮ್ಮೆ ಅಳೆದಿಟ್ಟುಕೊಳ್ಳುವುದು ಒಳ್ಳೆಯದು.

ಮನೆ ಸೋರುತ್ತಿದೆ ಅಂತಾದರೆ ಕಿಟಕಿ, ಬಾಗಿಲು, ಅಟ್ಟದ ಮುಚ್ಚಳ, ಪೈಪು ಗೋಡೆ ದಾಟುವ ಜಾಗ, ಇಲ್ಲೆಲ್ಲ ಒದ್ದೆ ಕೈ ಹಿಡಿದು ನೋಡಿ. ತಣ್ಣಗಾದ ಕಡೆ ಗಾಳಿ ನುಗ್ಗುತ್ತಿದೆ. ಅಟ್ಟದ ಹೊದಿಕೆಯನ್ನು ಯಾರೋ ವೈರಿಂಗ್ ಕೆಲಸಕ್ಕೆ ಸರಿಸಿ ಹಾಗೇ ಬಿಟ್ಟಿರುವುದೂ ಉಂಟು. ಆದರೆ ಉರಿಯುವ ಉಪಕರಣಕ್ಕೆ ಗಾಳಿ ಕೊಡುವ ಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್ ಹುಟ್ಟುವ ದಾರಿ ಅದು.

ಬಾಯ್ಲರ್ ಕಡೆಯಾದರೆ ನೀವು ಮಾಡಬಹುದಾದ್ದು ಸ್ವಲ್ಪವೇ. ಫಿಲ್ಟರ್ ಬದಲಾಯಿಸಿ, ಕೋಣೆ ಬೆಚ್ಚಗಿಡುವ ರೇಡಿಯೇಟರಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಬಿಡಿ. ಕಂಡೆನ್ಸಿಂಗ್ ಬಾಯ್ಲರ್ ಇದ್ದರೆ ರೇಡಿಯೇಟರಿಗೆ ಹೋಗುವ ನೀರಿನ ಉಷ್ಣತೆ ನೋಡಿ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಹೊಗೆಯಲ್ಲಿನ ಆವಿ ನೀರಾಗಿ ತನ್ನ ಶಾಖ ಬಿಟ್ಟುಕೊಡುತ್ತದೆ. ಯಾರಾದರೂ ಹೋಗುವ ನೀರನ್ನು 75-80ಕ್ಕೆ ಏರಿಸಿಟ್ಟಿದ್ದರೆ ಆ ಲಾಭ ಹೋಯಿತು. ಇಳಿಸಿ ಒಂದೆರಡು ವಾರ ನೋಡಿ. ಹೊರಗಿನ ಸೆನ್ಸರ್ ಇದ್ದರೆ ಅದರ ಮೇಲೆ ಬಿಸಿಲು ಬೀಳುತ್ತಿದೆಯಾ, ಹೊಗೆಕೊಳವೆ ಪಕ್ಕದಲ್ಲಿದೆಯಾ ಅಂತಲೂ ನೋಡಿ.

ಇದರಾಚೆಗೆ ಮುಚ್ಚಳ ಬಿಚ್ಚಬೇಡಿ. ಶಾಖ ಬದಲಾಗುವ ತಗಡುಗಳ ಮೇಲೆ ಮಸಿ ಕಟ್ಟಿದೆಯಾ, ಗಾಳಿ-ಇಂಧನದ ಹದ ತಪ್ಪಿದೆಯಾ ಅನ್ನುವುದು ಹೊಗೆಯ ಉಷ್ಣತೆ, ಅದರಲ್ಲಿನ ಆಮ್ಲಜನಕ ಅಳೆದು ಹೇಳಬೇಕಾದದ್ದು. ಅದು ಪರವಾನಗಿ ಇರುವ ತಂತ್ರಜ್ಞರ ಕೆಲಸ. ಎಣ್ಣೆ ಬರ್ನರ್ ಲಾಕ್ ಆಗಿ ನಿಂತರೆ ರೀಸೆಟ್ ಬಟನ್ ಒಂದು ಸಲ ಒತ್ತಿ. ಮತ್ತೆ ನಿಂತರೆ ಅಲ್ಲಿಗೆ ಬಿಡಿ. ಮತ್ತೆ ಮತ್ತೆ ಒತ್ತಿದರೆ ಉರಿಯದ ಎಣ್ಣೆ ಒಳಗೆ ತುಂಬಿಕೊಂಡು, ಹತ್ತಿದಾಗ ಭುಗಿಲೇಳುತ್ತದೆ.

ಲಕ್ಷಣ: ತೀರಾ ಚಳಿಯ ದಿನಗಳಲ್ಲಿ ಮಾತ್ರ ಗೆರೆ ಬಾಗುತ್ತದೆ

ಮೇಲಕ್ಕೆ ಬಾಗಿದರೆ, ಮತ್ತು ಮನೆಯಲ್ಲಿರುವುದು ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಕರೆಂಟಿನಿಂದ ಒಳಗೆ ತರುವ ಯಂತ್ರ) ಆದರೆ, ಸ್ವಲ್ಪ ಮಟ್ಟಿಗೆ ಅದರ ಗುಣವೇ ಅದು. ಹೊರಗೆ ತಣ್ಣಗಾದಷ್ಟೂ ಒಂದು ಯೂನಿಟ್ ಕರೆಂಟಿಗೆ ಸಿಗುವ ಶಾಖ ಕಡಿಮೆ. ಸೊನ್ನೆಯ ಆಸುಪಾಸಿನ ತೇವದ ದಿನಗಳಲ್ಲಿ ಹೊರಗಿನ ಸುರುಳಿಗೆ ಹಿಮ ಕಟ್ಟಿ, ಅದನ್ನು ಕರಗಿಸಲೂ ಕರೆಂಟ್ ಹೋಗುತ್ತದೆ. ಹೀಟ್ ಪಂಪಿಗೆ ನೇರ ಗೆರೆ ಹೊಂದುವುದಿಲ್ಲ, ಸೊನ್ನೆಗಿಂತ ಮೇಲೆ ಒಂದು, ಕೆಳಗೆ ಒಂದು ಅಂತ ಎರಡು ಗೆರೆ ಹಾಕಿ. ಆದರೆ ಬಾಗು ಇದ್ದಕ್ಕಿದ್ದಂತೆ ಕಡಿದಾಗಿದ್ದರೆ, ಕರೆಂಟಿನಿಂದ ನೇರವಾಗಿ ಕಾಯುವ ಸಹಾಯಕ ಕಾಯಿಲ್ ಓಡುತ್ತಿದೆ. ಅದರಲ್ಲಿ ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ. ಹೊರಗಿನ ಘಟಕಕ್ಕೆ ಎಲೆ, ಹಿಮ ಮುಚ್ಚಿಕೊಂಡಿದೆಯಾ ನೋಡಿ. ಬೆಚ್ಚಗಿನ ದಿನವೂ ಕಾಯಿಲ್ ಓಡುತ್ತಿದ್ದರೆ ತಜ್ಞರನ್ನು ಕರೆಸಿ.

ಕೆಳಕ್ಕೆ ಬಾಗಿದರೆ ಬಾಯ್ಲರ್ ಬಿಡುವಿಲ್ಲದೆ ಓಡಿಯೂ ಮನೆಗೆ ಸಾಲುತ್ತಿಲ್ಲ. ಒಳಗಿನ ಥರ್ಮಾಮೀಟರ್ ಅದನ್ನು ಹೇಳುತ್ತದೆ.

ಲಕ್ಷಣ: ಚುಕ್ಕಿಗಳು ಚೆಲ್ಲಾಪಿಲ್ಲಿ

ದಿನದಿನದ ಚುಕ್ಕಿ ಹಾಕಿದವರಿಗೆ ಇದು ಸಾಮಾನ್ಯ. ಗಾಳಿ ಬೀಸಿದ ದಿನ ಜಾಸ್ತಿ, ಬಿಸಿಲಿನ ದಿನ ಕಡಿಮೆ. ವಾರಕ್ಕೊಂದು ಚುಕ್ಕಿ ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ. ಗಾಳಿಯ ದಿನದ ಚುಕ್ಕಿಗಳು ಮಾತ್ರ ಸದಾ ಮೇಲಿದ್ದರೆ ಸಂದುಗಳನ್ನು ಮುಚ್ಚಿದರೆ ಲಾಭ ಇದೆ ಅಂತ ಅರ್ಥ. ಊರಿಗೆ ಹೋಗಿದ್ದ ವಾರ, ನೆಂಟರು ಬಂದಿದ್ದ ವಾರಗಳನ್ನು ಗುರುತು ಹಾಕಿ ಬದಿಗಿಡಿ.

ಲಕ್ಷಣ: ಲೆಕ್ಕಕ್ಕಿಂತ ತುಂಬಾ ಕಡಿಮೆ

ಹೊಸ ಕಿಟಕಿ ಹಾಕಿಸಿದ್ದರೆ, ಅಟ್ಟಕ್ಕೆ ಹೊದಿಕೆ ಹಾಕಿದ್ದರೆ ಸಂತೋಷ. ಏನೂ ಮಾಡದೇ ಕಡಿಮೆಯಾಗಿದ್ದರೆ ಮನೆ ನಿಜವಾಗಿ ಬೆಚ್ಚಗಿದೆಯಾ ನೋಡಿ. ಒಂದು ಭಾಗಕ್ಕೆ ಬಿಸಿನೀರು ಹರಿಯುವುದೇ ನಿಂತಿರಬಹುದು, ಆ ಭಾಗದ ಪೈಪ್ ಹೆಪ್ಪುಗಟ್ಟಿ ಒಡೆಯಬಹುದು. ವಯಸ್ಸಾದವರು ಬಿಲ್ಲಿಗೆ ಹೆದರಿ ಹೀಟಿಂಗ್ ಆರಿಸಿಕೊಂಡು ಕೂತಿರಬಹುದು, ಅವರನ್ನು ಕೇಳಿ. ಯಾರಾದರೂ ಹೊಗೆಕೊಳವೆ ಇಲ್ಲದ ಸೀಮೆಎಣ್ಣೆ ಅಥವಾ ಗ್ಯಾಸ್ ಹೀಟರ್ ಹಚ್ಚಿಕೊಂಡು, ಇಲ್ಲವೇ ಇದ್ದಿಲು ಉರಿಸಿಕೊಂಡು ಮುಚ್ಚಿದ ಕೋಣೆಯಲ್ಲಿ ಮಲಗುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ತಂತ್ರಜ್ಞರು ಬಂದಾಗ

ಬಾಯ್ಲರ್ ಜಾಸ್ತಿ ತಿನ್ನುತ್ತಿದೆ ಅಂತಷ್ಟೇ ಹೇಳಬೇಡಿ. ಹಳೆಯ ಏರು ಎಷ್ಟಿತ್ತು, ಈಗ ಎಷ್ಟು, ಯಾವ ವಾರದಿಂದ ಬದಲಾಯಿತು, ಬೇಸಿಗೆಯ ಅಂಕಿ ಏರಿದೆಯಾ ಇಲ್ಲವಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಹೊಗೆ ಅಳೆದ ಅಂಕಿಗಳನ್ನು ರಿಪೇರಿಗೆ ಮುಂಚೆ, ರಿಪೇರಿ ಆದ ಮೇಲೆ ಎರಡೂ ಬರೆಸಿಕೊಳ್ಳಿ. ಆಮೇಲೆ ಹೊಸ ಚುಕ್ಕಿಗಳನ್ನು ಬೇರೆ ಬಣ್ಣದಲ್ಲಿ ಹಾಕುತ್ತಾ ಹೋಗಿ. ಒಂದು ವಾರ ನೋಡಿ ತೀರ್ಮಾನಕ್ಕೆ ಬರಬೇಡಿ. ಚಳಿಯ ವಾರ, ಸಾಧಾರಣ ವಾರ ಎರಡೂ ಸೇರಿ ನಾಲ್ಕೈದು ಚುಕ್ಕಿ ಆಗಲಿ. ಅವು ಹಳೆಯ ಗೆರೆಯ ಮೇಲೆ ಕೂತರೆ ರಿಪೇರಿ ಸರಿಯಾಗಿದೆ. ಕೂರದಿದ್ದರೆ ಆ ಗ್ರಾಫನ್ನೇ ತೋರಿಸಿ ಅವರನ್ನು ಮತ್ತೆ ಕರೆಸಿ.